ಎರಡು ರಂಧ್ರಗಳ ಹೇಳಿಕೆ ಪತ್ರ

ಕಾರಿನ ಎಡಬದಿಯ ಮುಂಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಉಬ್ಬಿರುವುದನ್ನು ಮೊದಲು ಗುರುತಿಸಿದವರು ಅಪ್ಪ. ಭಾನುವಾರಗಳಂದು ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಆ ಗಾಡಿಯನ್ನು ತೊಳೆಯುತ್ತಿದ್ದವನು ನಾನೇ ಆಗಿದ್ದರೂ, ಆ ಉಬ್ಬನ್ನು ಕೆಸರಿನ ಚುಕ್ಕೆಯೆಂದು ಭಾವಿಸಿ ಎರಡು ವಾರ ಉಜ್ಜಿದ್ದೆ. ಮೂರನೆಯ ವಾರ ಅಪ್ಪ ಕಟ್ಟೆಯಿಂದ ಎದ್ದು ಬಂದು, ಬಾಗಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಉಗುರಿನಿಂದ ತಗಡನ್ನು ಮೇಲಿನಿಂದ ಕೆಳಕ್ಕೆ ಬಡಿಯುತ್ತ ಬಂದರು. ಅಂಚಿನ ಹತ್ತಿರ ಸದ್ದು ಬದಲಾಯಿತು. ನನಗೂ ಕೇಳಿಸಿತು.

"ಒಳಗಿಂದ ತಿಂದದ," ಎಂದರು.

"ಇಷ್ಟ ಸಣ್ಣ ಗುಳ್ಳಿ ಅದಲ್ಲಪಾ."

"ಗುಳ್ಳಿ ಕಡೀಗಿ ಬರ್ತದ ತಮ್ಮಾ. ಜಂಗ್ ಹಿಡದು ವರ್ಷ ಆಗ್ಯಾದ. ಬಾಗಿಲ ಬುಡಕ್ಕ ನೀರ್ ಹೋಗೋ ತೂತು ಇರ್ತದ ನೋಡು, ಬೆರಳ ಹಾಕು."

ನಾನು ಬೆರಳು ಹಾಕಿದೆ. ತೂತು ಮೇಣದಂಥ ಯಾವುದೋ ಪದಾರ್ಥದಿಂದ ಮುಚ್ಚಿಹೋಗಿತ್ತು. ಕೆದಕಿದಾಗ ಕಂದು ಬಣ್ಣದ ನೀರು ಮೊಣಕೈಯವರೆಗೆ ಹರಿಯಿತು. ಅಪ್ಪ ಉಳಿದ ಬಾಗಿಲುಗಳನ್ನೂ ಬಡಿದು ನೋಡಿದರು. ಎಡಬದಿಯ ಎರಡೂ ಬಾಗಿಲುಗಳು ಒಳಗೊಳಗೇ ಹೋಗಿದ್ದವು. ಬಲಬದಿಯವು ಗಟ್ಟಿಯಾಗಿದ್ದವು.

ಅಪ್ಪ ಕಮ್ಮಾರರು. ಕುಡುಗೋಲು, ಖುರಪಿ, ಬಂಡಿಗಾಲಿಯ ಪಟ್ಟಿ, ಇವುಗಳಲ್ಲೇ ಅವರ ಆಯುಷ್ಯದ ಬಹುಭಾಗ ಕಳೆದಿದೆ. ನಾನು ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕ. ಕಬ್ಬಿಣಕ್ಕೆ ತುಕ್ಕು ಏಕೆ ಹಿಡಿಯುತ್ತದೆ ಎಂಬುದನ್ನು ಪ್ರತಿವರ್ಷ ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ ಮಕ್ಕಳಿಗೆ ತೋರಿಸುತ್ತೇನೆ. ನನ್ನದೇ ಗಾಡಿಯಲ್ಲಿ ಮಾತ್ರ ಅದನ್ನು ಗುರುತಿಸಲಿಲ್ಲ.

ನನ್ನದೇ ಗಾಡಿ ಎಂದೆ. ದಾಖಲೆಯ ಪ್ರಕಾರ ಅದು ಅಪ್ಪನದು. ನಮ್ಮ ಮನೆತನದಲ್ಲಿ ಅವರ ಹೆಸರಿನಲ್ಲಿ ಯಾವ ಆಸ್ತಿಯೂ ಇರಲಿಲ್ಲ. ಕುಲುಮೆಯ ಜಾಗವೂ ಬಾಡಿಗೆಯದೇ. ಕಾರು ಕೊಳ್ಳುವಾಗ, ಮಾಲೀಕರ ಹೆಸರು ಎಂಬ ಜಾಗದಲ್ಲಿ ಅವರ ಹೆಸರನ್ನೇ ಬರೆಸಬೇಕೆಂದು ನಾನು ಹಟ ಹಿಡಿದಿದ್ದೆ. ಅಪ್ಪ ಆ ನೋಂದಣಿ ಪತ್ರವನ್ನು ಬಹಳ ದಿನ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದರು.

ಅಂದು ಮಧ್ಯಾಹ್ನ ಕಪಾಟಿನಿಂದ ವಾರಂಟಿ ಪುಸ್ತಿಕೆಯನ್ನು ತೆಗೆದೆ. ಅದಕ್ಕೆ ನಾನು ಪಠ್ಯಪುಸ್ತಕದಂತೆ ಖಾಕಿ ಕಾಗದದ ಹೊದಿಕೆ ಹಾಕಿದ್ದೆ. ತಗಡು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿದು ತೂತಾದಲ್ಲಿ ತಯಾರಕರೇ ಉಚಿತವಾಗಿ ಸರಿಪಡಿಸತಕ್ಕದ್ದು ಎಂದು ಅದರಲ್ಲಿತ್ತು. ಅವಧಿ ಮುಗಿಯಲು ಇನ್ನು ಹತ್ತೊಂಬತ್ತು ದಿನಗಳಿದ್ದವು. ಆ ಪುಟವನ್ನು ಪೆನ್ಸಿಲಿನಿಂದ ಗೆರೆ ಎಳೆಯುತ್ತ ಐದು ಸಲ ಓದಿದೆ. ಮುಂದಿನ ಪುಟವನ್ನು ಒಮ್ಮೆ ಮಾತ್ರ ಓದಿದೆ. ಷರತ್ತುಗಳೆಲ್ಲ ಇದ್ದದ್ದು ಆ ಪುಟದಲ್ಲಿ.

ಮರುದಿನ ಶಾಲೆಗೆ ರಜೆ ಹಾಕಿ, ಹುಮನಾಬಾದಿನ ಹೆದ್ದಾರಿಯ ಪಕ್ಕದಲ್ಲಿರುವ ಸರ್ವಿಸ್ ಕೇಂದ್ರಕ್ಕೆ ಗಾಡಿಯನ್ನು ಒಯ್ದೆ. ಅಲ್ಲಿನ ಸಲಹೆಗಾರ ನನಗಿಂತ ಚಿಕ್ಕವನು, ಮಾತಿನಲ್ಲಿ ಬಲು ಚುರುಕು. ನಾನು ಮೂರು ಕರಡು ತಿದ್ದಿ ಬರೆದೊಯ್ದಿದ್ದ ದೂರಿನ ಅರ್ಜಿಯನ್ನು ಅವನು ಓದದೆಯೇ ಫೈಲಿಗೆ ಸೇರಿಸಿದ. ಎರಡೂ ಬಾಗಿಲುಗಳ ಒಳಹಾಸನ್ನು ಬಿಚ್ಚಿಸಿ, ದೀಪ ಹಿಡಿದು, ಫೋಟೊ ತೆಗೆದ.

"ಸರ್, ಇದು ಕಂಪನಿ ತಪ್ಪ ಅದ," ಎಂದ. "ತಗಡಿನ ಮಡಿಕಿ ಒಳಗ ಜಂಗ್ ಹಿಡೀದಂಗ ಹಚ್ಚೋ ಮೇಣದ ಮಸಾಲಿ ಹಚ್ಚೇ ಇಲ್ಲ, ನೀರ್ ಹೋಗೋ ತೂತಿಗಿ ಹಚ್ಚಿ ಬಿಟ್ಟಾರ. ನೀವು ಫಿಕರ್ ಮಾಡಬ್ಯಾಡ್ರಿ. ಎರಡೂ ಬಾಗಿಲು ಹೊಸವು ಬರ್ತಾವ."

ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅವನಿಗೆ ಎರಡು ಸಲ ಧನ್ಯವಾದ ಹೇಳಿದೆ. ಅವನು ಕೊನೆಯ ಫೋಟೊ ತೆಗೆಯಲು ಗಾಡಿಯ ಮುಂಭಾಗಕ್ಕೆ ಹೋದ. ಅಲ್ಲಿ ನಿಂತುಬಿಟ್ಟ.

"ಸರ್, ಈ ನಾಲ ಯಾರ ಹಚ್ಯಾರ?"

ನಾಲ ಎಂದರೆ ಕುದುರೆಯ ಲಾಳ. ಗಾಡಿಗೆ ದೃಷ್ಟಿ ತಾಗದಿರಲೆಂದು ನಮ್ಮಲ್ಲಿ ಹಳೆಯ ಲಾಳವನ್ನು ಮುಂದೆ ಕಟ್ಟುವ ವಾಡಿಕೆಯಿದೆ. ಬಹಳ ಜನ ತಂತಿಯಿಂದ ಕಟ್ಟುತ್ತಾರೆ. ಅಪ್ಪನಿಗೆ ಅದು ಒಪ್ಪಿಗೆಯಲ್ಲ. ಗಾಡಿ ಬಂದ ವಾರ ಮಾಣಿಕನಗರದ ದೇವಸ್ಥಾನಕ್ಕೆ ಪೂಜೆಗೆ ಒಯ್ದಾಗ, ಪೂಜೆ ಮುಗಿದ ಮೇಲೆ ಅವರು ಕೈಚೀಲದಿಂದ ಒಂದು ಲಾಳವನ್ನೂ ಕೈ ಡ್ರಿಲ್ಲನ್ನೂ ಹೊರತೆಗೆದರು. ಪಕ್ಕದ ಕೊಹಿನೂರು ಗ್ರಾಮದ ಟಾಂಗಾದವರೊಬ್ಬರ ಕರಿ ಕುದುರೆಯ ಕಾಲಿನಿಂದ ತಾವೇ ಬಿಚ್ಚಿದ, ಸವೆದ ಲಾಳವದು, ಕೊಂಡದ್ದಲ್ಲ; ದೃಷ್ಟಿಯ ಲಾಳವನ್ನು ಕೊಳ್ಳಬಾರದೆಂಬುದು ನಂಬಿಕೆ. ನಾನು ಗಾಬರಿಯಿಂದ, "ಅಪ್ಪಾ, ತಂತಿ ಕಟ್ಟಿದ್ರ ಸಾಕಲ್ಲ?" ಎಂದಿದ್ದೆ.

"ತಂತಿಲೆ ಕಟ್ಟಿದ್ದು ಬಾಡಿಗಿ ಇದ್ದಂಗ," ಎಂದಿದ್ದರು ಅವರು. "ಬೋಲ್ಟ್ ಹಾಕಿದ್ರ ಸ್ವಂತದ್ದು."

ಬಾನೆಟ್ಟಿನ ಮುಂದಿನ ಅಂಚಿನಲ್ಲಿ, ಸುತ್ತಲೂ ನಿಂತ ಆಟೊದವರು ನೋಡುತ್ತಿದ್ದಂತೆ, ಅವರು ಎರಡು ರಂಧ್ರ ಕೊರೆದರು. ರಂಧ್ರದ ಅಂಚನ್ನು ಸಣ್ಣ ಅರದಿಂದ ಉಜ್ಜಿ, ಕೆಂಪು ಆಕ್ಸೈಡ್ ಬಳಿದು, ಅದು ಒಣಗುವವರೆಗೆ ಕಾದು, ಬೋಲ್ಟಿನ ಕೆಳಗೆ ರಬ್ಬರಿನ ಬಿಲ್ಲೆ ಇಟ್ಟು ಬಿಗಿದರು. ಅವರ ಮುಖವನ್ನು ನೋಡಿ ನಾನು ತಡೆಯದೆ ಬಿಟ್ಟಿದ್ದೆ.

"ನಮ್ಮ ಅಪ್ಪಾರು ಹಚ್ಯಾರ," ಎಂದೆ ಸಲಹೆಗಾರನಿಗೆ.

ಅವನು ನಾಲಿಗೆಯಿಂದ ಸದ್ದು ಮಾಡಿದ. "ಹೊಡತ ಬಿತ್ತಲ್ರಿ ಸರ್. ಮಾಲೀಕರು ಗಾಡಿ ತಗಡಿಗಿ ತೂತು ಹೊಡದ್ರ ಜಂಗಿನ ವಾರಂಟಿ ಪೂರಾ ಖತಂ. ಪುಸ್ತಕದಾಗ ಬರದದ."

"ತೂತು ಬಾನೆಟ್ಟಿನಲ್ಲಿದೆ. ತುಕ್ಕು ಹಿಡಿದಿರುವುದು ಬಾಗಿಲಿಗೆ." ನಾನು ಉದ್ವಿಗ್ನನಾದಾಗ ಪುಸ್ತಕದ ಕನ್ನಡ ಮಾತನಾಡುತ್ತೇನೆ.

"ಅದು ನನಗ ತಿಳೀತದ, ನಿಮಗ ತಿಳೀತದ. ಪುಸ್ತಕಕ್ಕ ತಿಳೀಬೇಕಲ್ರಿ. ಕಲಬುರಗಿಲಿಂದ ತಪಾಸಣಿ ಸಾಹೇಬ್ರು ಬರ್ತಾರ. ಅವ್ರು ನೋಡಿ ಹೇಳಿದ್ದ ಫೈನಲ್."

"ಅಲ್ಲಿಯವರೆಗೆ ಗಾಡಿ ಒಯ್ಯಬಹುದೇ?"

"ಒಯ್ಯಬಹುದು. ಒಯ್ದ್ರ ಫೈಲ್ ಬಂದ್ ಆಗ್ತದ. ಮತ್ತ ಹೊಸಾದ್ ತೆರೀಬೇಕು, ಅಷ್ಟೊತ್ತಿಗಿ ನಿಮ್ಮ ತಾರೀಖ ಮುಗೀತದ."

ಹೀಗೆ ಗಾಡಿ ಅಲ್ಲೇ ಉಳಿಯಿತು. ಎಡಬದಿಯ ಬಾಗಿಲುಗಳ ಹೊಟ್ಟೆ ಬಗೆದು, ತಂತಿಗಳು ಹೊರಗೆ ಜೋಲುತ್ತ, ಅದು ಶೆಡ್ಡಿನ ಮೂಲೆಯಲ್ಲಿ ನಿಂತಿತು. ನಾನು ಪ್ರತಿದಿನ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬಂದು, ಶಾಲೆಯ ಗಂಟೆಗೆ ಮುಂಚೆ ಅಲ್ಲಿಳಿದು, ಗಾಜಿನ ಗೋಡೆಯ ಕಾಯುವ ಕೋಣೆಯಲ್ಲಿ ಕಾಲು ಗಂಟೆ ಕುಳಿತು, ಸಾಹೇಬರು ಎಂದು ಬರುತ್ತಾರೆಂದು ವಿಚಾರಿಸಿ ಹೋಗುತ್ತಿದ್ದೆ. ಗಾಜಿನಾಚೆ ಗಾಡಿ ಕಾಣುತ್ತಿತ್ತು. ಒಳಗೆ ಯಂತ್ರದ ತಂಪು. ಹೊರಗಿನ ಸದ್ದು ಕೇಳಿಸದು. ಗೋಡೆಯ ಮೇಲೆ ನಗುಮುಖದ ಕುಟುಂಬವೊಂದು ಹೊಸ ಕಾರಿನಲ್ಲಿ ಕುಳಿತ ಚಿತ್ರವಿತ್ತು. ಆ ಕುರ್ಚಿಯಲ್ಲಿ ಕುಳಿತಾಗ, ಪರೀಕ್ಷೆಯಲ್ಲಿ ಎಲ್ಲ ಉತ್ತರವನ್ನೂ ಬರೆದು ಹಾಳೆಗೆ ನೋಂದಣಿ ಸಂಖ್ಯೆ ಹಾಕಲು ಮರೆತವನ ಹಾಗೆ ನನಗೆ ಅನಿಸುತ್ತಿತ್ತು.

ಮೂರನೆಯ ದಿನ ಪರಿಚಯದ ಬಸ್ ಕಂಡಕ್ಟರು ಇಡೀ ಬಸ್ಸಿಗೆ ಕೇಳುವಂತೆ, "ಮಾಸ್ತರ್ರ, ಕಾರಿಗಿ ಆರಾಮಿಲ್ಲೇನ್ರಿ? ದವಾಖಾನ್ಯಾಗ ಸೇರಿಸೀರಂತ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಅಪ್ಪ ಪ್ರತಿ ಸಂಜೆ, "ಏನಂದ್ರು?" ಎಂದು ಕೇಳುತ್ತಿದ್ದರು. ಸಾಹೇಬರು ಇನ್ನೂ ಬಂದಿಲ್ಲ ಎಂದಷ್ಟೇ ಹೇಳುತ್ತಿದ್ದೆ. ಲಾಳದ ವಿಷಯ ಬಾಯಿಗೆ ಬರುತ್ತಿರಲಿಲ್ಲ. ಅವರು ಕೊರೆದ ರಂಧ್ರಗಳಿಂದಲೇ ಕೆಲಸ ಕೆಟ್ಟಿತೆಂದು ಅವರಿಗೆ ಹೇಗೆ ಹೇಳುವುದು? ಹೇಳದಿದ್ದರೆ ಎಷ್ಟು ದಿನ?

ಎಂಟನೆಯ ದಿನ ಸಲಹೆಗಾರ ನನ್ನನ್ನು ಮೂಲೆಗೆ ಕರೆದ.

"ಸರ್, ಒಂದ್ ದಾರಿ ಅದ. ಪುಸ್ತಕದಾಗ ಏನಂತ ಅದ? ಮಾಲೀಕ ಮಾಡಿದ ಬದಲಾವಣಿ ಅಂತ ಅದ. ಮಾಲೀಕರಿಗಿ ಗೊತ್ತಿಲ್ದಂಗ ಬ್ಯಾರೆ ಯಾರೋ ಮಾಡಿದ್ರ ಅದು ಬಾನೆಟ್ಟಿಗಿ ಅಷ್ಟ ಲಾಗೂ ಆಗ್ತದ. ಬಾಗಿಲು ಬಚಾವ್. ಮಾಲೀಕರ ಕಡಿಂದ ಒಂದ್ ಹೇಳಿಕೆ ಬರಸ್ಕೊಂಡು ಸಹಿ ಮಾಡಿಸಿ ತರ್ರಿ. ಇಂಗ್ಲಿಷಿನಾಗ ಇರ್ಲಿ, ಫೈಲ್ ಮ್ಯಾಗಿನ ಆಫೀಸಿಗಿ ಹೋಗ್ತದ."

"ಅದು ಸುಳ್ಳಾಗುತ್ತದೆ."

"ನೀವು ಮಾಸ್ತರ್ರು, ಸುಳ್ಳು ಅಂತೀರಿ. ನಾವು ಹೇಳಿಕೆ ಅಂತೀವ್ರಿ," ಎಂದು ನಕ್ಕ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಸಹಾಯವನ್ನೇ ಮಾಡುತ್ತಿದ್ದ. ಅದೇ ಕಷ್ಟವಾಗಿತ್ತು.

ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕುಳಿತು ಆ ಪತ್ರ ಬರೆದೆ. ನನ್ನ ದುರ್ಬುದ್ಧಿಯನ್ನು ಸಲಹೆಗಾರನ ಮೇಲೆ ಹೊರಿಸಲಾರೆ. ಅವನು ಒಂದು ಸಾಲು ಕೇಳಿದ್ದ, ನಾನು ಒಂದು ಪುಟ ಬರೆದೆ. ತಪ್ಪಿಲ್ಲದ, ಗೌರವಯುತವಾದ, ಮೇಲಿನ ಕಚೇರಿ ತಲೆದೂಗುವಂಥ ಇಂಗ್ಲಿಷ್ ಬರೆಯಬೇಕೆಂಬ ಹಟ ನನ್ನನ್ನು ಹಿಡಿಯಿತು. 'ಯಾರೋ ಒಬ್ಬರು' ಎಂದು ಮೊದಲು ಬರೆದೆ. ಅದು ದುರ್ಬಲವಾಗಿ ಕಂಡಿತು. ಅಳಿಸಿ, 'ರಸ್ತೆ ಬದಿಯ, ಕೆಲಸ ಬಾರದ ಯಾವನೋ ಒಬ್ಬನು, ನನ್ನ ಅರಿವಿಗೆ ಬಾರದಂತೆ' ಎಂಬ ಅರ್ಥ ಬರುವ ಹಾಗೆ ತಿದ್ದಿದೆ. ವಾಕ್ಯ ಚೆನ್ನಾಗಿ ಕುಳಿತಿತು. ಅದನ್ನು ಬರೆದ ಕ್ಷಣ ನನಗೆ ನಾಚಿಕೆಯಾಗಲಿಲ್ಲ, ತೃಪ್ತಿಯಾಯಿತು. ಈಗ ಬರೆಯುವಾಗ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ.

ನಮ್ಮ ಓಣಿಯಲ್ಲಿ ಕಾಗದ ಓದುವ ಒಂದು ಪದ್ಧತಿಯಿದೆ, ಅದನ್ನು ಹೇಳದೆ ಮುಂದಿನದು ಅರ್ಥವಾಗದು. ಅಲ್ಲಿ ಪದವಿ ಪಡೆದ ಮೊದಲಿಗ ನಾನು. ಹೈಸ್ಕೂಲಿನ ದಿನಗಳಿಂದಲೂ ರೇಷನ್ ಅಂಗಡಿಯ ಚೀಟಿ, ವಿದ್ಯುತ್ ಕಚೇರಿಯ ನೋಟಿಸು, ದವಾಖಾನೆಯ ವರದಿ, ಎಲ್ಲವೂ ನನ್ನ ಬಳಿ ಬರುತ್ತವೆ. ಯಾರೂ ಅಕ್ಷರಶಃ ಓದಿ ಹೇಳು ಎನ್ನುವುದಿಲ್ಲ. "ಏನಂತದ?" ಎಂದು ಕೇಳುತ್ತಾರೆ. ನಾನು ಎರಡು ಮಾತಿನಲ್ಲಿ ಸಾರ ಹೇಳುತ್ತೇನೆ. ಅವರು ನನ್ನ ಮುಖ ನೋಡಿ, ಬೆರಳಿಟ್ಟ ಜಾಗದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುತ್ತಾರೆ. ಪದ್ಧತಿ ನಿಂತಿರುವುದು ಅಷ್ಟರ ಮೇಲೆಯೇ.

ಅಂದು ಸಂಜೆ ಕಟ್ಟೆಯ ಮೇಲೆ ಅಪ್ಪನ ಮುಂದೆ ಪತ್ರ ಇಟ್ಟೆ.

"ಏನಂತದ?"

"ಮುಂದ ಎರಡು ತೂತು ಅವಲ್ಲ, ನಾಲಿಂದು. ಅದ್ರ ಬಗ್ಗಿ ಕೇಳ್ಯಾರ. ನಾನ ಹೊಡದೀನಿ, ಪದ್ಧತಿ ಪ್ರಕಾರ, ಅಂತ ನಿಂದೊಂದು ಹೇಳಿಕೆ."

ಅಪ್ಪನ ಮುಖ ಅರಳಿತು. "ಬರದಿ ಏನು, ಅಂಚಿಗಿ ಅರ ಹಾಕೀನಿ, ಆಕ್ಸೈಡ್ ಹಚ್ಚೀನಿ ಅಂತ?"

"ಬರದೀನಿ."

"ರಬ್ಬರ್ ಬಿಲ್ಲಿ?"

"ಅದನ್ನೂ ಬರದೀನಿ."

ಅವರು ಪೆನ್ನನ್ನು ಸುತ್ತಿಗೆಯ ಹಿಡಿಯಂತೆ ಬಿಗಿಯಾಗಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಅವರಿಗೆ ಬರೆಯಲು ಬರುವುದು ಅದೊಂದೇ; ನನ್ನ ಹೈಸ್ಕೂಲಿನ ದಿನಗಳಲ್ಲಿ ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಬೇಡವೆಂದು ನಾನೇ ಕಲಿಸಿದ್ದೆ. ಸಹಿಯ ಮೇಲೆ ಊದಿ ಒಣಗಿಸಿ, "ಸಾಹೇಬ್ರು ಬರೋ ದಿನ ನಾನೂ ಬರ್ತೀನಿ," ಎಂದರು. "ಕಾಗದದಾಗ ಎಷ್ಟಂತ ಬರೀತಿ? ಕೈಯಿಂದ ತೋರಿಸಿದ್ರ ತಿಳೀತದ."

ಬೇಡವೆನ್ನಲು ನನಗೆ ಒಂದೂ ಕಾರಣ ಹೊಳೆಯಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ. ಮರುದಿನ ಪತ್ರವನ್ನು ಸಲಹೆಗಾರನಿಗೆ ಕೊಟ್ಟು, ಅಭ್ಯಾಸದಂತೆ ಒಂದು ಝೆರಾಕ್ಸ್ ಪ್ರತಿ ನನ್ನ ಚೀಲದಲ್ಲಿ ಇಟ್ಟುಕೊಂಡೆ. ಸಾಹೇಬರ ದಿನ ಅಪ್ಪನಿಗೆ ತಿಳಿಯದಂತೆ ಮಾಡಬೇಕೆಂದುಕೊಂಡೆ. ಆದರೆ ಕಡತದಲ್ಲಿ ಮಾಲೀಕರ ದೂರವಾಣಿ ಸಂಖ್ಯೆಯೆಂದು ಇದ್ದದ್ದು ಅಪ್ಪನದೇ. ಸರ್ವಿಸ್ ಕೇಂದ್ರದವರು ನೇರವಾಗಿ ಅವರಿಗೇ ಕರೆ ಮಾಡಿ ಹೇಳಿದರು.

ಹದಿಮೂರನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ನಾವಿಬ್ಬರೂ ಶೆಡ್ಡಿನಲ್ಲಿ ನಿಂತಿದ್ದೆವು. ಅಪ್ಪ ಒಗೆದ ಧೋತರ ಉಟ್ಟು, ಬಿಳಿ ಟೋಪಿ ಹಾಕಿದ್ದರು. ತಪಾಸಣೆಯ ಸಾಹೇಬರು ಐವತ್ತರ ಆಸುಪಾಸಿನವರು, ಮಿತಭಾಷಿ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ಬಾಗಿಲುಗಳ ಮೇಲೆ ಒತ್ತುತ್ತ, ಟಿಪ್ಪಣಿ ಮಾಡಿಕೊಳ್ಳುತ್ತ, ಕೊನೆಗೆ ಬಾನೆಟ್ಟಿನ ಬಳಿ ಬಂದರು. ಲಾಳವನ್ನು ಬಿಚ್ಚಿಸಿ ರಂಧ್ರಗಳನ್ನು ನೋಡಿದರು. ಬೆರಳಿನಿಂದ ಅಂಚು ಸವರಿದರು.

"ಇಷ್ಟು ವರ್ಷ ಆದ್ರೂ ಒಂದ್ ಕಣ ಜಂಗ್ ಇಲ್ಲ," ಎಂದರು, ಯಾರಿಗೆಂದಿಲ್ಲದೆ. "ಫ್ಯಾಕ್ಟರಿಯವರಿಗಿ ಒಯ್ದು ತೋರಿಸಬೇಕು ಇದನ್ನ. ಯಾರ ಕೈ ಇದು?"

"ನಂದ್ರಿ," ಎಂದರು ಅಪ್ಪ.

ಅವರ ದನಿಯಲ್ಲಿದ್ದ ಸಂತೋಷವನ್ನು ನಾನು ಬಣ್ಣಿಸಲಾರೆ. ಒಂದು ಹೆಜ್ಜೆ ಮುಂದೆ ಹೋಗಿ, ಕೈ ಎತ್ತಿ, ಡ್ರಿಲ್ ಹಿಡಿದ ಕೋನವನ್ನು ತೋರಿಸತೊಡಗಿದರು. "ಡ್ರಿಲ್ ಹಾಕೋದು ಯಾರಿಗೂ ಬರ್ತದ್ರಿ. ಹಾಕಿದ ಮ್ಯಾಗ ಅಂಚು ಬೆತ್ತಲ ಇರ್ತದ ನೋಡ್ರಿ, ಅದಕ್ಕ..."

ಸಲಹೆಗಾರ ನೆಲ ನೋಡುತ್ತಿದ್ದ. ಸಾಹೇಬರು ಫೈಲ್ ತೆರೆದರು. ನನ್ನ ಪತ್ರವನ್ನು ಪೂರ್ತಿ ಓದಿದರು. ಶೆಡ್ಡಿಗೆ ಬಾಗಿಲೇ ಇರಲಿಲ್ಲ, ಎದುರಿಗೆ ಹೆದ್ದಾರಿ ಕಾಣುತ್ತಿತ್ತು. ಆದರೂ ನನಗೆ ಅತ್ತಿತ್ತ ಕದಲಲಾಗಲಿಲ್ಲ.

"ಯಜಮಾನ್ರ," ಎಂದರು ಸಾಹೇಬರು ಮೆಲ್ಲಗೆ, "ಈ ಸಹಿ ನಿಮ್ದೇನ್ರಿ?"

"ಹೌದ್ರಿ, ನಂದ."

"ಇದ್ರಾಗ ಬ್ಯಾರೆ ಬರದದ. ತೂತು ಯಾರೋ ಹೊರಗಿನವ್ರು ಹೊಡದಾರ, ನಿಮಗ ಗೊತ್ತೇ ಇರ್ಲಿಲ್ಲ ಅಂತ ಅದ. ನೋಡ್ರಿ, ಯಾವ್ದು ಖರೇ? ಇಲ್ಲಿ ಬರದಿದ್ದೋ, ನೀವು ಈಗ ಹೇಳಿದ್ದೋ?"

ಅಪ್ಪ ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ. ತಗಡು ಬಡಿದು ಸದ್ದು ಆಲಿಸುವಾಗ ಅವರ ಮುಖ ಹೇಗಿರುತ್ತದೆಯೋ ಹಾಗಿತ್ತು. ನಾನು ಬಾಯಿ ತೆರೆದೆ. 'ತಪ್ಪು ನನ್ನದು' ಎಂಬ ಮಾತನ್ನು ಯಾವ ಕನ್ನಡದಲ್ಲಿ ಹೇಳಬೇಕೆಂದು, ಶಾಲೆಯದರಲ್ಲೋ ಮನೆಯದರಲ್ಲೋ ಎಂದು, ನಾನು ಹುಡುಕುತ್ತಿದ್ದೆ. ಹಾಗೆ ಹುಡುಕುತ್ತಿರುವಾಗಲೇ ಅಪ್ಪ ಎತ್ತಿದ ಕೈಯನ್ನು ಇಳಿಸಿದರು.

"ಬರದಿದ್ದು ಖರೇ ಅದರಿ," ಎಂದರು. "ವಯಸ್ಸಾಯ್ತು. ಬ್ಯಾರೆ ಗಾಡಿದು ನೆನಪಾಯ್ತು ನನಗ. ಇದು ಯಾರೋ ಹೊಡದದ್ದ."

ಸಾಹೇಬರು ಬಿಚ್ಚಿಟ್ಟ ಲಾಳವನ್ನೂ ಅಪ್ಪನ ಕೈಗಳನ್ನೂ ನೋಡಿದರು. ಅವರು ನಂಬಲಿಲ್ಲವೆಂದು ನನಗೆ ಖಚಿತವಾಗಿ ಗೊತ್ತು. ಪೆನ್ನಿನ ಮುಚ್ಚಳ ತೆಗೆದು, ಬಾನೆಟ್ಟನ್ನು ಹೊರತುಪಡಿಸಿ ಎರಡೂ ಬಾಗಿಲುಗಳಿಗೆ ಒಪ್ಪಿಗೆಯೆಂದು ಬರೆದು ಸಹಿ ಮಾಡಿದರು. ಹೋಗುವಾಗ ಅಪ್ಪನಿಗೆ ಕೈಮುಗಿದರು, ನನಗಲ್ಲ.

"ನಸೀಬ್ ಚಲೋ ಅದ ಸರ್," ಎಂದ ಸಲಹೆಗಾರ. "ಹತ್ತ್ ದಿನದಾಗ ಗಾಡಿ ಒಯ್ಯಿರಿ."

ಅಪ್ಪ ಬಸ್ ನಿಲ್ದಾಣದವರೆಗೆ ನಡೆದೇ ಬಂದರು. ಆಟೊ ಕರೆದರೆ ಬೇಡವೆಂದರು. ನಾನು ಎರಡು ಹೆಜ್ಜೆ ಹಿಂದೆ ನಡೆದೆ. ಕ್ಷಮಿಸು ಎಂಬ ಪದ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಅದನ್ನು ಈಗ ಹೇಳಿದರೆ ಇನ್ನೊಂದು ಅರ್ಜಿಯಂತೆ ಕೇಳಿಸೀತೆಂದು ಹೆದರಿದೆ. ಬಸವಕಲ್ಯಾಣದ ಬಸ್ಸು ನಿಂತಿತ್ತು, ಚಾಲಕ ಇನ್ನೂ ಚಹಾ ಕುಡಿಯುತ್ತಿದ್ದ. ಅಪ್ಪ ಕಲ್ಲಿನ ಬೆಂಚಿನ ಮೇಲೆ ಕುಳಿತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು. ನಾನು ಕುಳಿತೆ.

"ಆ ಕಾಗದದ ಝೆರಾಕ್ಸ್ ಇರ್ಬೇಕಲ್ಲ ನಿನ್ನ ಕಡಿ."

"ಅದ."

"ತಗಿ. ಓದು."

ನಾನು ಚೀಲದಿಂದ ತೆಗೆದು ತೊಡೆಯ ಮೇಲೆ ಹರಡಿದೆ. "ಅದ್ರಾಗ ಏನಂದ್ರ..." ಎಂದು ಆರಂಭಿಸಿದೆ.

"ಏನಂತದ ಅಂತ ಕೇಳಿಲ್ಲ ನಾ. ಬರದಿದ್ದು ಬರದಂಗ ಓದು. ಒಂದೂ ಬಿಡಬ್ಯಾಡ."

ನಾನು ಓದಿದೆ. ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ನಿಂತು, ಮನೆಯ ಮಾತಿಗೆ ತಿರುಗಿಸಿ ಹೇಳಿದೆ. ಇಂಥ ಊರಿನ, ಇಂಥ ಗಾಡಿಯ ಮಾಲೀಕನಾದ ನಾನು. ನನ್ನ ಅರಿವಿಗೆ ಬಾರದಂತೆ. ರಸ್ತೆ ಬದಿಯ. ಅಲ್ಲಿ ಓದುವುದನ್ನು ನಿಲ್ಲಿಸಿದೆ. ಅಪ್ಪ ಬಸ್ಸಿನ ಗಾಲಿಯನ್ನು ನೋಡುತ್ತ ಕಾದರು.

"ಕೆಲಸ ಬಾರದ ಯಾವನೋ ಒಬ್ಬ," ಎಂದೆ.

ಅವರು ಎಡಗೈಯ ಹೆಬ್ಬೆರಳಿನಿಂದ ಬಲ ಅಂಗೈಯ ಗಟ್ಟಿ ಚರ್ಮವನ್ನು ಒತ್ತಿಕೊಂಡರು.

"ಮುಂದ?"

ಮುಂದೆ ಎರಡು ಸಾಲುಗಳಿದ್ದವು, ಅವನ್ನೂ ಓದಿದೆ. ಕೊನೆಯ 'ತಮ್ಮ ನಂಬುಗೆಯ' ಎಂಬುದನ್ನೂ ಓದಿದೆ. ಚಾಲಕ ಬಸ್ಸು ಹತ್ತಿ ಹಾರ್ನ್ ಮಾಡಿದ. ಜನ ಎದ್ದರು. ಅಪ್ಪ ಏಳಲಿಲ್ಲ.

"ಮುಂದ ಓದು," ಎಂದರು.

ಹಾಳೆಯಲ್ಲಿ ಉಳಿದಿದ್ದದ್ದು ಅವರ ಕೈಬರಹದ ಹೆಸರು ಮಾತ್ರ. ನಾನು ಅದನ್ನೂ ಓದಿದೆ.